ಹರಿಹರ–ದಾವಣಗೆರೆ ಸೀಮೆಯ ಚೆಕ್-ಪಿನ್ ಮೀಮಾಂಸೆ

ಚೆಸ್‌ನ ಡಬಲ್ ಚೆಕ್ ಹುಟ್ಟಿದ್ದು ಹರಿಹರದಲ್ಲಿ ಎಂದು ಸಾಧಿಸುವುದೇ ಈ ಪ್ರಬಂಧದ ಉದ್ದೇಶ. ಸಾಕ್ಷ್ಯ ಕಲ್ಲಿನಲ್ಲೇ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಒಂದೇ ಕಾಯಿಯ ಚೆಕ್ಕಾದರೆ ಅದನ್ನು ಹೊಡೆಯಬಹುದು, ಇಲ್ಲವೇ ನಡುವೆ ಇನ್ನೊಂದನ್ನು ತಳ್ಳಿ ತಡೆಯಬಹುದು. ಎರಡು ಕಾಯಿಗಳ ಚೆಕ್ಕಿಗೆ ರಾಜನೇ ಜಾಗ ಬಿಡಬೇಕು. ಭಕ್ತರು ಕೈಮುಗಿದು ಪ್ರದಕ್ಷಿಣೆಗೆ ಸರಿಯುವುದು ಈ ಕಾರಣಕ್ಕೇ.

‘ತುಂಗೆ, ಭದ್ರೆಯರೂ ಇಬ್ಬರಲ್ಲವೇ?’ ಎಂಬುದು ಪೂರ್ವಪಕ್ಷ. ಅವರು ಕೂಡಲಿಯಲ್ಲೇ ಒಂದಾಗಿ ಹರಿದು ಬರುವುದರಿಂದ, ಹರಿಹರ ಮುಟ್ಟುವ ಹೊತ್ತಿಗೆ ಅದು ಒಂದೇ ಸಾಲಿನ ಚೆಕ್. ವಾದ ಬಿತ್ತು.

ಅಪರೂಪದ ಪ್ರಭೇದವೆಂದರೆ ಎನ್ ಪಾಸೆಂಟ್. ಎರಡು ಮನೆ ಹಾರಿಬಂದ ಎದುರಾಳಿ ಪೇದೆಯನ್ನು ಪಕ್ಕದ ನಮ್ಮ ಪೇದೆ ಹೊಡೆದಾಗ ಒಂದೇ ಏಟಿಗೆ ಎರಡು ಮನೆ ತೆರವಾಗಿ, ಹಿಂದೆ ಅಡಗಿದ್ದ ಆನೆ, ಒಂಟೆ ಎರಡೂ ಚೆಕ್ ಕೊಡಬಲ್ಲವು. ಹೊಡೆದ ಪೇದೆ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿರುತ್ತದೆ. ಅದೂ ಸೇರಿ ಮೂರು ಚೆಕ್ ಆಗಬಾರದೇ? ಆಗದು, ಮನೆಗಳ ಲೆಕ್ಕ ಕೂಡಿಬರುವುದಿಲ್ಲ. ಪೋಲಾಳ್ವ ಬ್ರಹ್ಮನನ್ನು ಕೈಬಿಟ್ಟದ್ದು ಇದನ್ನು ಬಲ್ಲವನಾದ್ದರಿಂದಲೇ.

ಇನ್ನು ಪಿನ್ ಪ್ರಕರಣ. ರಾಜನಿಗೆ ಅಡ್ಡ ನಿಂತು ಸಿಕ್ಕಿಬಿದ್ದ ಆನೆಗೋ ಒಂಟೆಗೋ ಕೆಲವೊಮ್ಮೆ ಅದೇ ಸಾಲಿನಲ್ಲಿ ಹಿಂದೆಮುಂದೆ ಆಡಲು ಬರುತ್ತದೆ. ಕುದುರೆಗೆ ಆ ಭಾಗ್ಯವೂ ಇಲ್ಲ. 64 ಮನೆಗಳಲ್ಲೂ ಕುದುರೆ ಓಡಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ವಿದ್ಯೆ ಇಲ್ಲಿ ನಡೆಯದು. ಹಾಗಾಗಿ ಮೈಸೂರನ್ನು ಬಿಟ್ಟು ದಾವಣಗೆರೆಗೆ ಬರೋಣ.

ಭಾನುವಾರ ಬೆಳಗ್ಗೆ, ಬೆಣ್ಣೆದೋಸೆ ಹೋಟೆಲು. ಯಜಮಾನರೊಬ್ಬರು ಟೇಬಲ್ ಹಿಡಿದು ಕೂತಿದ್ದಾರೆ. ಹೆಂಡತಿ ಮಕ್ಕಳು ಇನ್ನೂ ಆಟೋದಿಂದ ಇಳಿಯುತ್ತಿದ್ದಾರೆ. ಇವರ ಕುರ್ಚಿಯ ಬೆನ್ನು ಹಿಡಿದು ಇನ್ನೊಬ್ಬ ನಿಂತಿದ್ದಾನೆ. ಕೈ ತೊಳೆಯಲು ಎದ್ದರೂ ಟೇಬಲ್ ಹೋದಂತೆಯೇ. ಪರಿಪೂರ್ಣ ಪಿನ್! ಆದರೆ ಪಿನ್ ಆದ ಕಾಯಿ ಕೊಟ್ಟ ಚೆಕ್ಕೂ ಚೆಕ್ಕೇ ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಕೂತಲ್ಲಿಂದಲೇ ಕೂಗಿದರು: “ತಮ್ಮಾ, ನಾಕು ಬೆಣ್ಣೆ ಓಪನ್! ಪಲ್ಯ ಜಾಸ್ತಿ ಇರ್ಲಿ!” ಅದೇ ಹೊತ್ತಿಗೆ ಮೂಲೆಯ ಟೇಬಲ್ಲಿನಿಂದ, “ಏ, ಚಟ್ನಿ ಎಲ್ಲಪ್ಪಾ?”

ಸಪ್ಲೈಯರ್ ಇಬ್ಬರನ್ನೂ ನೋಡಿದ. ಎದುರು ಮಾತಾಡಲಿಲ್ಲ, ತಟ್ಟೆ ಅಡ್ಡ ಹಿಡಿಯಲಿಲ್ಲ. ಸೀದಾ ಅಡುಗೆಮನೆಗೆ ಸರಿದ. ನಿಯಮ ಒಪ್ಪುವ ನಡೆ ಅದೊಂದೇ.