ಪ್ಲೇಯರ್ ಪಂಡಿತರು

ಗಡಿಯಾರ, ಕ್ಯಾಮೆರಾ, ಪಂಚಾಂಗ, ಹಾಲಿನವನ ಲೆಕ್ಕ ಎಲ್ಲವೂ ಒಂದೇ ಮೊಬೈಲ್ ಫೋನಿನೊಳಗೆ ಸೇರಿಹೋಗಿರುವ ಈ ಕಾಲದಲ್ಲಿಯೂ, ಹಾಡು ಕೇಳುವುದಕ್ಕೆಂದೇ ಪ್ರತ್ಯೇಕವಾದ ಪುಟ್ಟ ಡಿಜಿಟಲ್ ಯಂತ್ರವೊಂದು ಅಂಗಿಯ ಜೇಬಿನಲ್ಲಿ ಇರಲೇಬೇಕೆಂದು ನಂಬಿರುವ ಸಣ್ಣ ವರ್ಗವೊಂದು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರಗಳಂಥ ಹಳೆಯ ಬಡಾವಣೆಗಳಲ್ಲಿ ಇನ್ನೂ ಉಳಿದುಕೊಂಡಿದೆ. ಈ ವರ್ಗದ ಪ್ರತಿನಿಧಿಯನ್ನು ಇಲ್ಲಿ ಅನುಕೂಲಕ್ಕಾಗಿ ಪ್ಲೇಯರ್ ಪಂಡಿತರೆಂದು ಕರೆಯಲಾಗಿದೆ. ಪಂಡಿತರು ಸಾಮಾನ್ಯವಾಗಿ ಐವತ್ತೈದು ದಾಟಿದವರು, ಬ್ಯಾಂಕಿನಲ್ಲೋ ಸಾರ್ವಜನಿಕ ಉದ್ದಿಮೆಯಲ್ಲೋ ದುಡಿದು ನಿವೃತ್ತಿಯ ಅಂಚಿನಲ್ಲಿರುವವರು, ಸಂಗೀತವನ್ನು ಕಲಿತವರಲ್ಲವಾದರೂ ಕಲಿತವರನ್ನು ತಿದ್ದಬಲ್ಲವರು. ಮಹಿಳೆಯರಲ್ಲಿ ಈ ಪ್ರಭೇದ ವಿರಳ. ಹಾಡು ಕೇಳಬೇಕೆನಿಸಿದಾಗ ಅವರು ಹಾಡನ್ನು ಕೇಳಿಬಿಡುತ್ತಾರೆಂಬುದೇ ಇದಕ್ಕೆ ಕಾರಣವಿರಬೇಕು.

ಪಂಡಿತರ ಕಾಲಗಣನೆಯಲ್ಲಿ ಯುಗಗಳು ರಾಜವಂಶಗಳನ್ನಲ್ಲ, ಯಂತ್ರಗಳನ್ನು ಅನುಸರಿಸುತ್ತವೆ. 1979ರಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದದ್ದು ಕೃತಯುಗ. 1998ರಲ್ಲಿ ಕೊರಿಯಾದ ಎಂಪಿಮ್ಯಾನ್ ಎಂಬ ಯಂತ್ರ ಕೇವಲ 32 ಎಂಬಿ ಸ್ಮರಣಶಕ್ತಿಯೊಡನೆ, ಅಂದರೆ ಸುಮಾರು ಅರ್ಧ ಗಂಟೆಯ ಸಂಗೀತದೊಡನೆ ಕಾಣಿಸಿಕೊಂಡದ್ದು ತ್ರೇತಾಯುಗ. 2001ರ ಅಕ್ಟೋಬರಿನಲ್ಲಿ 5 ಜಿಬಿಯ ಐಪಾಡ್ ಸಾವಿರ ಹಾಡುಗಳನ್ನು ಜೇಬಿಗಿಳಿಸಿದ್ದು ದ್ವಾಪರ. 2022ರ ಮೇ ತಿಂಗಳಲ್ಲಿ ಐಪಾಡ್ ತಯಾರಿಕೆ ನಿಂತಿತೆಂಬ ಸುದ್ದಿ ಬಂದಾಗ ಪಂಡಿತರು ಅದನ್ನು ಎಲ್ಲರಿಗಿಂತ ಮೊದಲು ಓದಿ ಎಲ್ಲರಿಗಿಂತ ಹೆಚ್ಚು ನೊಂದುಕೊಂಡರು. ಅದಕ್ಕೆ ಹಾಡು ತುಂಬಲು ಕಂಪನಿಯದೇ ತಂತ್ರಾಂಶದ ಮೊರೆಹೋಗಬೇಕೆಂಬ ಕಾರಣಕ್ಕೆ ಅವರು ಆ ಯಂತ್ರವನ್ನು ಒಮ್ಮೆಯೂ ಕೊಂಡಿರಲಿಲ್ಲವೆಂಬುದು ಬೇರೆ ಮಾತು. ಈಗ ನಡೆಯುತ್ತಿರುವುದು ಕಲಿಯುಗ. ಇದರ ಲಕ್ಷಣವೆಂದರೆ ಇಯರ್‌ಫೋನಿನ ತಂತಿ ಕಾಣೆಯಾಗಿರುವುದು.

ಆಯ್ಕೆಯ ಘಟ್ಟದಲ್ಲಿ ಪಂಡಿತರ ಮೊದಲ ಅಸ್ತ್ರ ಹೋಲಿಕೆಯ ಕೋಷ್ಟಕ. ಒಂದೊಂದು ಯಂತ್ರಕ್ಕೂ ಒಂದು ಸಾಲು, ಒಂದೊಂದು ಗುಣಕ್ಕೂ ಒಂದು ಕಂಬಸಾಲು ಇರುವ ಈ ಕೋಷ್ಟಕದಲ್ಲಿ ತೂಕ, ಬ್ಯಾಟರಿ, ಮೆಮೊರಿ ಕಾರ್ಡಿನ ಕಿಂಡಿ, ಜೇಬಿನೊಳಗೆ ಕೈಹಾಕಿ ಕಣ್ಣಿಲ್ಲದೆ ಒತ್ತಬಹುದಾದ ಗುಂಡಿಗಳು ಎಲ್ಲಕ್ಕೂ ಅಂಕಗಳುಂಟು. ನ್ಯಾಯವಾಗಿ ಹೇಳುವುದಾದರೆ, ಗುಂಡಿಗಳ ವಿಷಯದಲ್ಲಿ ಪಂಡಿತರ ಪಟ್ಟು ಸರಿಯಾದದ್ದೇ. ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈ ಕಂಬಿಯನ್ನು ಹಿಡಿದಿರುವಾಗ ಮತ್ತೊಂದು ಕೈಯಿಂದ ನುಣುಪಾದ ಗಾಜಿನ ಪರದೆಯನ್ನು ಸವರಿ ಹಾಡು ಬದಲಿಸುವುದು ಸಾಹಸವೇ ಸರಿ. ಆದರೆ ಕೋಷ್ಟಕದಲ್ಲಿ ಅತ್ಯಧಿಕ ಅಂಕ ಪಡೆದ ಯಂತ್ರ ಯಾವಾಗಲೂ ತಯಾರಿಕೆ ನಿಂತುಹೋದದ್ದೇ ಆಗಿರುತ್ತದೆಂಬುದು ಗಮನಾರ್ಹ. ಸ್ಯಾನ್‌ಡಿಸ್ಕ್ ಕಂಪನಿಯ ಹೆಬ್ಬೆರಳಿನಗಲದ ಸ್ಯಾನ್ಸಾ ಕ್ಲಿಪ್, ಅದರ ಮೇಲೆ ಸ್ವಯಂಸೇವಕ ತಂತ್ರಜ್ಞರು ಬರೆದು ಉಚಿತವಾಗಿ ಹಂಚುವ ರಾಕ್‌ಬಾಕ್ಸ್ ಎಂಬ ಬದಲಿ ತಂತ್ರಾಂಶ, ಇವೆರಡರ ಸಂಯೋಗವನ್ನು ಬಣ್ಣಿಸುವಾಗ ಪಂಡಿತರ ದನಿ ಗದ್ಗದವಾಗುತ್ತದೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅವರು ಅದನ್ನು ಕೇಳಿದಾಗ, ಅದು ಮಾರುಕಟ್ಟೆಗೆ ಬಂದ ಕಾಲದಲ್ಲಿ ಅಂಗನವಾಡಿಯಲ್ಲಿದ್ದ ಮಾರಾಟದ ಹುಡುಗ ಬ್ಲೂಟೂತ್ ಸ್ಪೀಕರೊಂದನ್ನು ಮುಂದಿಡುತ್ತಾನೆ. ಅದೂ ಬೇಡವಾದರೆ ಹಾಡುಗಳನ್ನು ಮೊದಲೇ ತುಂಬಿಸಿಟ್ಟಿರುವ ಕಾರವಾನ್ ಪೆಟ್ಟಿಗೆಯನ್ನು ತೋರಿಸುತ್ತಾನೆ. ಸಾರೆಗಾಮ ಕಂಪನಿ 2017ರಲ್ಲಿ 5000 ಹಳೆಯ ಹಿಂದಿ ಹಾಡುಗಳೊಡನೆ ಹೊರತಂದ ಈ ರೇಡಿಯೊ ರೂಪದ ಪೆಟ್ಟಿಗೆಯನ್ನು ಕೊಂಡವರು ಆರಿಸಬೇಕಾದದ್ದು ಏನೂ ಉಳಿದಿರುವುದಿಲ್ಲವಾದ್ದರಿಂದ ಪಂಡಿತರು ಅದನ್ನು ಸಂಗೀತಸಾಧನವೆಂದು ಒಪ್ಪುವುದಿಲ್ಲ. ಅವರ ಮನೆಯಲ್ಲಿ ದಿನವೂ ಹಾಡುವ ಯಂತ್ರ ಮಾತ್ರ ಅವರ ಅತ್ತೆಯವರ ಕಾರವಾನ್ ಒಂದೇ.

ಯಂತ್ರ ಗೊತ್ತಾದರೆ ಇಯರ್‌ಫೋನು ಗೊತ್ತಾಗಬೇಕು, ಇಲ್ಲಿಂದ ಮುಂದಿನದು ಜಾತಕ ಕೂಡಿಸುವ ಕೆಲಸ. ವಿದ್ಯುತ್ ಸಂಕೇತಕ್ಕೆ ಸಾಧನವೊಂದು ಒಡ್ಡುವ ತಡೆಯನ್ನು ಇಂಪೀಡೆನ್ಸ್ ಎನ್ನುತ್ತಾರೆ, ಅದನ್ನು ಓಮ್ ಎಂಬ ಮಾನದಿಂದ ಅಳೆಯುತ್ತಾರೆ. ಯಂತ್ರದ ತಡೆ ಇಯರ್‌ಫೋನಿನ ತಡೆಯ ಎಂಟನೆಯ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರು ಪಾಲಿಸುವ ನಿಯಮ. ಇದರಂತೆ 16 ಓಮಿನ ವಧುವಿಗೆ 2 ಓಮನ್ನು ಮೀರದ ವರ ಬೇಕು. ಪಂಡಿತರು ಒಂದು ಕಡೆ ಗಣ ಕೂಡಿದರೆ ಇನ್ನೊಂದು ಕಡೆ ನಾಡಿದೋಷ ಕಂಡು, ತಡೆ ಹೊಂದಿದರೆ ಸಂವೇದನಶೀಲತೆ ಹೊಂದದೆ, ಎರಡೂ ಹೊಂದಿದರೆ ತಂತಿಯ ತುದಿಯ ಪಿನ್ನು ಹೊಂದದೆ ಸಂಬಂಧಗಳನ್ನು ಮುರಿಯುತ್ತ ಹೋಗುತ್ತಾರೆ. ಕೊನೆಗೆ ಕೂಡಿಬಂದ ಜೋಡಿಯನ್ನೂ ತಕ್ಷಣ ಬಳಕೆಗೆ ತರುವಂತಿಲ್ಲ, ಏಕೆಂದರೆ ಹೊಸ ಇಯರ್‌ಫೋನಿನೊಳಗಿನ ಪೊರೆ ಹದಗೊಳ್ಳಲು ನೂರು ಗಂಟೆಗಳ ಕಾಲ ಅದರಲ್ಲಿ ಸದ್ದು ಹರಿಯುತ್ತಿರಬೇಕೆಂಬ ನಂಬಿಕೆಯುಂಟು. ಇದಕ್ಕಾಗಿ ಪಂಡಿತರು ಎಲ್ಲ ಕಂಪನಗಳೂ ಬೆರೆತ ಪಿಂಕ್ ನಾಯ್ಸ್ ಎಂಬ ಏಕತಾನದ ಸದ್ದನ್ನು ರಾತ್ರಿಯಿಡೀ ನುಡಿಸುತ್ತಾರೆ. ಈ ಸದ್ದು ನಲ್ಲಿಯಿಂದ ನೀರು ಸುರಿಯುವುದನ್ನು ಹೋಲುವುದರಿಂದ, ದಿನ ಬಿಟ್ಟು ದಿನ ನೀರು ಬರುವ ಬೀದಿಗಳಲ್ಲಿ ಪಂಡಿತರ ಪತ್ನಿ ನಡುರಾತ್ರಿ ಎದ್ದು ಬಿಂದಿಗೆ ಹಿಡಿದು ಬಚ್ಚಲಿಗೆ ಹೋಗಿ ಬರಿಗೈಯಲ್ಲಿ ಮರಳುವುದುಂಟು.

ಪಂಡಿತರ ತತ್ತ್ವಜ್ಞಾನದ ತಿರುಳಿರುವುದು ಕಡತದ ಗುಣಮಟ್ಟದಲ್ಲಿ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಬೆಳೆಸಿದ ಎಂಪಿ3 ಎಂಬ ವಿಧಾನ, ಜೋರಾದ ಸ್ವರವೊಂದು ಪಕ್ಕದ ಮೆಲುಸ್ವರವನ್ನು ಕಿವಿಗೆ ಮರೆಮಾಡುತ್ತದೆಂಬ ಶ್ರವಣವಿಜ್ಞಾನದ ತಿಳಿವಳಿಕೆಯನ್ನು ಬಳಸಿಕೊಂಡು, ಹೇಗೂ ಕೇಳಿಸದ ಅಂಶಗಳನ್ನು ಕೈಬಿಟ್ಟು ಕಡತವನ್ನು ಕುಗ್ಗಿಸುತ್ತದೆ, ಸಿ.ಡಿ.ಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಬೇಡುವ ಸಂಗೀತ ಇದರಲ್ಲಿ 128ಕ್ಕೋ 320ಕ್ಕೋ ಇಳಿಯುತ್ತದೆ. ಪಂಡಿತರ ಆಸಕ್ತಿಯೆಲ್ಲ ಆ ಕೈಬಿಟ್ಟ ಅಂಶಗಳ ಮೇಲೆಯೇ. ಆದ್ದರಿಂದ ಅವರು ಏನನ್ನೂ ಬಿಡದೆ ಮಡಚಿಡುವ ಫ್ಲ್ಯಾಕ್ ಎಂಬ ವಿಧಾನಕ್ಕೆ ಶರಣಾಗಿ, ಅಲ್ಲಿಗೂ ನಿಲ್ಲದೆ, ಸೆಕೆಂಡಿಗೆ 1,92,000 ಬಾರಿ ಧ್ವನಿಯ ಮಾದರಿಯನ್ನು ಅಳೆದಿಟ್ಟ ಉನ್ನತ ದರ್ಜೆಯ ಕಡತಗಳನ್ನು ಸಂಪಾದಿಸುತ್ತಾರೆ. ಮಡಚದೆ ಇಟ್ಟರೆ ಇವು ನಿಮಿಷಕ್ಕೆ ಸುಮಾರು 69 ಎಂಬಿ ನುಂಗುತ್ತವೆ. ಮಾದರಿಯ ದರದ ಅರ್ಧದಷ್ಟು ಕಂಪನದವರೆಗೆ ಮಾತ್ರ ಧ್ವನಿಯನ್ನು ಮರಳಿ ಕಟ್ಟಲು ಸಾಧ್ಯವೆಂಬುದು ನಿಯಮ. ಇದರ ಪ್ರಕಾರ ಪಂಡಿತರ ಯಂತ್ರ 96,000 ಹರ್ಟ್ಸ್‌ವರೆಗೆ ನುಡಿಯಬಲ್ಲುದು, ಹರೆಯದ ಮನುಷ್ಯ 20,000ದವರೆಗೆ ಕೇಳಬಲ್ಲ, ಪಂಡಿತರ ವಯಸ್ಸಿನವರಿಗೆ ಅದರಲ್ಲಿಯೂ ಮೇಲಿನ ಕೆಲವು ಸಾವಿರಗಳು ಸದ್ದಿಲ್ಲದೆ ಹೊರಟುಹೋಗಿರುತ್ತವೆ. ಉಳಿದ ವಿಶಾಲ ಪ್ರದೇಶ ಕೀಟ ಹಿಡಿಯುವ ಬಾವಲಿಗಳಿಗೆ ಉಪಯುಕ್ತ. ಮಗ ಎರಡು ಕಡತಗಳ ಗುರುತು ಮರೆಸಿ ನುಡಿಸಿ ಯಾವುದು ಯಾವುದೆಂದು ಕೇಳಿದಾಗ ಪಂಡಿತರ ಉತ್ತರ ತಪ್ಪಿದರೆ, ಆ ದಿನದ ವಿದ್ಯುತ್ ಸರಬರಾಜು ಶುದ್ಧವಾಗಿರಲಿಲ್ಲವೆಂದು ತಿಳಿಯತಕ್ಕದ್ದು. ಯಂತ್ರ ಬ್ಯಾಟರಿಯಿಂದ ನಡೆಯುತ್ತಿತ್ತೆಂಬ ಆಕ್ಷೇಪಕ್ಕೆ, ಆ ಬ್ಯಾಟರಿ ಚಾರ್ಜಾದದ್ದು ಎಲ್ಲಿಂದ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಮೈಸೂರು ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಹಳೆಯ ಧ್ವನಿಮುದ್ರಿಕೆಯೊಂದು ಇದೇ ಉನ್ನತ ದರ್ಜೆಯಲ್ಲಿ ಪಂಡಿತರ ಬಳಿಯಿದೆ, ಅದರಲ್ಲಿ ಗ್ರಾಮಫೋನ್ ಮುಳ್ಳು ಕೆರೆಯುವ ಸದ್ದು ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಇಷ್ಟರವರೆಗಿನದು ಜಗತ್ತಿನ ಎಲ್ಲ ಪ್ಲೇಯರ್ ಪಂಡಿತರಿಗೂ ಸಮಾನವಾದ ಕಷ್ಟ. ಕನ್ನಡದ ಪಂಡಿತರಿಗೆ ಮೀಸಲಾದ ಕಷ್ಟ ಆರಂಭವಾಗುವುದು ಹಾಡುಗಳಿಗೆ ಹೆಸರು ಹಚ್ಚುವಾಗ. ಎಂಪಿ3 ಕಡತದ ಕೊನೆಯಲ್ಲಿ ಹಾಡು, ಹಾಡುಗಾರ, ಆಲ್ಬಂ, ಪ್ರಕಾರ ಮುಂತಾದ ವಿವರಗಳನ್ನು ಬರೆದಿಡಲು 1996ರಲ್ಲಿ ರೂಪುಗೊಂಡ ಐಡಿ3 ಎಂಬ ಚೀಟಿಯಲ್ಲಿ ಹಾಡಿನ ಹೆಸರಿಗೆ ದೊರೆತದ್ದು 30 ಅಕ್ಷರಗಳ ಜಾಗ. ಪ್ರಕಾರಕ್ಕೆ 80 ಹೆಸರುಗಳ ಸಿದ್ಧಪಟ್ಟಿ. ಆ ಪಟ್ಟಿಯಲ್ಲಿ ಪೋಲ್ಕಾ ಕುಣಿತಕ್ಕೆ ಸ್ಥಾನವಿತ್ತು, ಡೆತ್ ಮೆಟಲ್ ಎಂಬ ಅಬ್ಬರಕ್ಕಿತ್ತು, ಸಂಗೀತವೇ ಅಲ್ಲದ ಕೀಟಲೆಗೂ ಒಂದು ಸ್ಥಾನವಿತ್ತು, ಕರ್ನಾಟಕ ಸಂಗೀತಕ್ಕೆ ಇರಲಿಲ್ಲ. ಮುಂದಿನ ಆವೃತ್ತಿಗಳು ಜಾಗವನ್ನು ಹಿಗ್ಗಿಸಿದವಾದರೂ ರಾಗ, ತಾಳ, ವಾಗ್ಗೇಯಕಾರರ ಅಂಕಿತ, ಪಕ್ಕವಾದ್ಯದವರ ಹೆಸರು ಇವುಗಳನ್ನು ಯಾವ ಖಾನೆಗೆ ತುಂಬಬೇಕೆಂಬ ಪ್ರಶ್ನೆ ಉಳಿದೇ ಇದೆ. ಪಂಡಿತರು ರಾಗವನ್ನು ಪ್ರಕಾರದ ಖಾನೆಯಲ್ಲಿ, ಪುರಂದರದಾಸರನ್ನು ಆಲ್ಬಮ್ಮಿನ ಖಾನೆಯಲ್ಲಿ ಕೂರಿಸಿ, ಮೃದಂಗದವರಿಗೆ ಎಲ್ಲಿಯೂ ಜಾಗ ಸಿಗದೆ ಇಡೀ ಭಾನುವಾರ ಚಡಪಡಿಸುತ್ತಾರೆ. ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತಾದರೂ, ಒತ್ತಕ್ಷರವನ್ನು ಕೆಳಗಿಳಿಸಿ ಗುಣಿತವನ್ನು ಕೂಡಿಸುವ ಕೌಶಲ ಅನೇಕ ಪುಟ್ಟ ಯಂತ್ರಗಳಿಗೆ ಒಲಿದಿಲ್ಲ. ಅವುಗಳ ಪರದೆಯ ಮೇಲೆ ‘ಕೃಷ್ಣಾ ನೀ ಬೇಗನೆ’ ಎಂಬುದು ಖಾಲಿ ಚೌಕಗಳ ಸಾಲಾಗಿ ಕಾಣುತ್ತದೆ. ಆದಕಾರಣ, ವಾಟ್ಸ್‌ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಬರೆಯುವ ಹುಡುಗರನ್ನು ವಾರಕ್ಕೊಮ್ಮೆ ಹಳಿಯುವ ಪಂಡಿತರು ತಮ್ಮ ಭಂಡಾರವನ್ನು ಅದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದಾರೆ, ಬಾಗಿಲು ಮುಚ್ಚಿಕೊಂಡು.

ಹೆಸರಿನ ಕಾಗುಣಿತವೂ ಸುಮ್ಮನಿರುವುದಿಲ್ಲ. ಪಿ.ಬಿ. ಶ್ರೀನಿವಾಸ್, ಪಿಬಿಎಸ್, ಡಾ. ಪಿ.ಬಿ. ಶ್ರೀನಿವಾಸ್, ಶ್ರೀನಿವಾಸ್ ಪಿ.ಬಿ. ಎಂಬ ನಾಲ್ವರು ಮಹನೀಯರು ಪಂಡಿತರ ಯಂತ್ರದಲ್ಲಿ ಒಬ್ಬರನ್ನೊಬ್ಬರು ಅರಿಯದೆ ವಾಸಿಸುತ್ತಾರೆ. ಮನೆಯವರು ‘ರಾಜ್‌ಕುಮಾರ್ ಹಾಡು ಹಾಕಿ’ ಎಂದರೆ ಯಂತ್ರ ತಡಕಾಡುತ್ತದೆ. ಪಂಡಿತರು ಯಂತ್ರದ ಪಕ್ಷ ವಹಿಸಿ, 1974ರ ‘ಸಂಪತ್ತಿಗೆ ಸವಾಲ್’ಗಿಂತ ಮುಂಚೆ ರಾಜ್ ಅವರಿಗೆ ಹೆಚ್ಚಾಗಿ ಕಂಠ ಕೊಟ್ಟವರು ಪಿ.ಬಿ. ಶ್ರೀನಿವಾಸ್ ಆದ್ದರಿಂದ ಕೋರಿಕೆಯೇ ಅಶುದ್ಧವೆಂದು ವಿವರಿಸುವಷ್ಟರಲ್ಲಿ ಒಲೆಯ ಮೇಲಿನ ಸಾರು ಕುದಿದು, ಕೇಳುವ ಮನಸ್ಸಿದ್ದವರು ಎದ್ದುಹೋಗಿರುತ್ತಾರೆ. ಕ್ರಮದ ಸಮಸ್ಯೆ ಇನ್ನೂ ಗಹನವಾದದ್ದು. ಅಂಕೆಗಳನ್ನು ಅಕ್ಷರಗಳೆಂದೇ ಭಾವಿಸುವ ಅಗ್ಗದ ಯಂತ್ರಗಳು ಒಂದರ ನಂತರ ಹತ್ತು, ಹನ್ನೊಂದು, ಹನ್ನೆರಡನ್ನು ನುಡಿಸಿ ಆಮೇಲೆ ಎರಡಕ್ಕೆ ಬರುವುದರಿಂದ, ಕಚೇರಿಯಲ್ಲಿ ವರ್ಣ ಮುಗಿಯುತ್ತಿದ್ದಂತೆ ದೇವರನಾಮಗಳು ಬಂದು, ಮಂಗಳವೂ ಆಗಿ, ಅನಂತರ ವಿಘ್ನನಿವಾರಣೆಗೆಂದು ಗಣಪತಿಯ ಕೃತಿ ಕೇಳಿಬರುತ್ತದೆ. ಇದರ ಮೇಲೆ, ಎಂಪಿ3 ಕಡತದ ಆದಿ ಅಂತ್ಯಗಳಲ್ಲಿ ಸಣ್ಣದೊಂದು ಮೌನ ಸೇರಿಕೊಳ್ಳುವುದು ಆ ವಿಧಾನದ ಸ್ವಭಾವ. ಅದನ್ನು ಕತ್ತರಿಸಿ ಹಾಡಿಗೆ ಹಾಡು ಬೆಸೆಯುವ ಗುಣಕ್ಕೆ ಗ್ಯಾಪ್‌ಲೆಸ್ ಎಂದು ಹೆಸರು. ಆಲಾಪನೆ, ತಾನ, ಪಲ್ಲವಿಗಳನ್ನು ಮೂರು ತುಂಡುಗಳಾಗಿಸಿದ ಸಿ.ಡಿ.ಯಲ್ಲಿ ಈ ಗುಣ ಇಲ್ಲದಿದ್ದರೆ ತಂಬೂರಿಯ ಶ್ರುತಿ ಎರಡು ಕಡೆ ತುಂಡಾಗುತ್ತದೆ. ಇದೊಂದು ದೂರಿನಲ್ಲಿ ಪಂಡಿತರನ್ನು ನೋಡಿ ನಗುವುದು ಅನ್ಯಾಯ. ಶ್ರುತಿ ಕಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಇಷ್ಟೆಲ್ಲ ಆದಮೇಲೆ ಪಂಡಿತರು ಹಾಡು ಕೇಳುತ್ತಾರೆಯೇ ಎಂಬ ಪ್ರಶ್ನೆಗೆ, ಕೇಳುತ್ತಾರೆ, ಆದರೆ ತುಣುಕು ತುಣುಕಾಗಿ ಎನ್ನಬೇಕಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣವೊಂದರಲ್ಲಿ ಅವರು ಉಸಿರೆಳೆದುಕೊಳ್ಳುವ ಕ್ಷಣ, ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಮೆಟ್ಟಿಲಿನ ಮೇಲೆ ಬೆರಳು ಜಾರುವ ಸದ್ದು, ಸಿ. ಅಶ್ವಥ್ ದನಿ ಏರಿಸಿದಾಗ ಇಯರ್‌ಫೋನು ಬಿರಿಯುತ್ತದೋ ಇಲ್ಲವೋ ಎಂಬ ಪರೀಕ್ಷೆ, ಇಂಥ ಜಾಗಗಳು ಅವರಿಗೆ ಕಂಠಪಾಠ. ಉಸಿರಿನ ನಂತರ ಮನ್ಸೂರರು ಏನು ಹಾಡಿದರೆಂಬುದರ ಕಡೆಗೆ ಗಮನ ಹರಿಸಲು ಪುರುಸೊತ್ತಿಲ್ಲ. ರಾಮನವಮಿಯ ಕಾಲದಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ಕಚೇರಿಗಳಿಗೂ ಪಂಡಿತರು ತಪ್ಪದೆ ಹೋಗುತ್ತಾರೆ, ಮೊದಲ ಕೃತಿ ಮುಗಿಯುವ ಮುನ್ನವೇ ಧ್ವನಿವರ್ಧಕದವನ ಬಳಿಗೆ ಹೋಗಿ ಮಂದ್ರ ತುಸು ಹೆಚ್ಚಾಯಿತೆಂದು ತಿಳಿಸಿ, ಅವನು ಯಾವುದೋ ಗುಂಡಿಯನ್ನು ಮುಟ್ಟಿದಂತೆ ನಟಿಸಿದ ಮೇಲೆ ಈಗ ಸರಿಹೋಯಿತೆಂದು ತೃಪ್ತಿಯಿಂದ ಮರಳಿ ಕೂರುತ್ತಾರೆ.

ಬಂಧುಬಳಗದಲ್ಲಿ ಯಾರಿಗಾದರೂ ಪ್ಲೇಯರ್ ಬೇಕಾದಾಗ ಸಲಹೆಗೆ ಬರುವುದು ಪಂಡಿತರ ಬಳಿಗೇ. ಬೆಳಗಿನ ವಾಯುವಿಹಾರದಲ್ಲಿ ವಿಷ್ಣುಸಹಸ್ರನಾಮ ಕೇಳಲು ಏನಾದರೊಂದು ಸಾಕೆನ್ನುವ ಭಾವಮೈದುನನಿಗೂ ಪಂಡಿತರು ಕೋಷ್ಟಕವನ್ನು ಬಿಚ್ಚಿ, ಓಮಿನ ಲೆಕ್ಕವನ್ನು ಹೇಳಿ, 64 ಜಿಬಿಯ ಕಾರ್ಡನ್ನು ಹಳೆಯ ಯಂತ್ರಕ್ಕೆ ಹಾಕುವ ಮುನ್ನ ಫ್ಯಾಟ್32 ಎಂಬ ಹಳೆಯ ವಿನ್ಯಾಸಕ್ಕೆ ಮರಳಿಸಬೇಕಾದ ವಿಧಿಯನ್ನು ಬೋಧಿಸಿ, ತೀರ್ಮಾನವನ್ನು ಮಾತ್ರ ಮುಂದಿನ ತಿಂಗಳು ಹೊಸ ಮಾದರಿ ಬರುವವರೆಗೆ ತಡೆಹಿಡಿಯುತ್ತಾರೆ. ಭಾವಮೈದುನ ತಲೆಯಾಡಿಸಿ ಹೊರಡುತ್ತಾನೆ. ಮರುವಾರ ಹಬ್ಬದ ಊಟಕ್ಕೆ ಬಂದಾಗ ಅವನ ಕೊರಳಲ್ಲಿ ದಾರದಿಂದ ಇಳಿಬಿದ್ದ ಪ್ಲೇಯರೊಂದು ಭೀಷ್ಮ ಯುಧಿಷ್ಠಿರ ಸಂವಾದವನ್ನು ಗುನುಗುತ್ತಿರುತ್ತದೆ. ಪಂಡಿತರು ಅದನ್ನು ಬೊಗಸೆಯಲ್ಲಿಟ್ಟುಕೊಂಡು, ತಿರುಗಿಸಿ ನೋಡಿ, ಇದರ ಔಟ್‌ಪುಟ್ ಇಂಪೀಡೆನ್ಸ್ ಎಷ್ಟೆಂದು ವಿಚಾರಿಸುತ್ತಾರೆ. ಕೆಂಪು ಬಣ್ಣದ್ದೂ ಇತ್ತು, ಮಕ್ಕಳು ನೀಲಿಯೇ ಇರಲಿ ಎಂದವು ಎಂದು ಭಾವಮೈದುನ ಉತ್ತರಿಸುತ್ತಾನೆ.