ಹೊಳೆ ಹೋದ ಕಡೆ ಕಾರು ಬುಡಿ

ಅಕ್ಕಾ, ಮಗಳು ಅಳಿಯ ಬೆಂಗ್ಳೂರಿಂದ ಬಂದವರೆ ಅಂತ ಯಾರೂ ಹೇಳ್ಬೇಕಾಗಿಲ್ಲ ಬುಡು. ಕೋಳಿ ಸಾರಿನ ಘಮವೇ ಬೇಲಿ ದಾಟಿ ಬಂದು ಹೇಳ್ತು. ನಾಳೆ ಕಾರಲ್ಲಿ ಎತ್ಲಾಗೆ? ಕುಶಾಲನಗರಕ್ಕಾ? ಅಂದ್ಕಂಡೆ. ನಮ್ಮ ಹಾರನಹಳ್ಳಿಗೆ ಬಂದ ಕಾರೆಲ್ಲ ಮೂತಿ ತಿರುಗ್ಸೋದೇ ಅತ್ಲಾಗೆ.

ಹೋಗ್ಲಿ, ಬ್ಯಾಡ ಅನ್ನಲ್ಲ. ದಾರೀಲಿ ಸಿಗೋ ಬೈಲಕುಪ್ಪೆ ನೋಡೋವಂತದ್ದೇ. 1960ರ ಆಸುಪಾಸಲ್ಲಿ ಟಿಬೆಟ್‌ನೋರು ಬಂದಾಗ ಅಲ್ಲಿ ಬರೀ ಕಾಡು. ಮರ ಕಡಿದು, ಆನೆ ಓಡ್ಸಿ, ಜೋಳ ಬೆಳೆದ್ರು. ಈಗ ಅಲ್ಲಿ ಗೋಲ್ಡನ್ ಟೆಂಪಲ್ಲು. ಭಾನುವಾರ ಕಾರು ನಿಲ್ಸೋಕೆ ಜಾಗ ಹುಡುಕೋದ್ರೊಳಗೆ ಬುದ್ಧನ ತಾಳ್ಮೆ ನಮಗೂ ಬಂದ್ಬುಡ್ತದೆ!

ನನ್ನ ತಕರಾರು ಇರೋದು ಕೊಪ್ಪದ ಸೇತುವೆ ಹತ್ರ. ಕಾವೇರಿ ನೋಡ್ಬೇಕು ಅಂತ ಅಷ್ಟು ದೂರದಿಂದ ಬತ್ತಾರೆ, ಕಾರಿನ ಕಿಟಕಿಯಿಂದ ಒಂದ್ಸಲ ಬಗ್ಗಿ ನೋಡಿ ದಾಟ್ಕಂಡು ಹೋಗ್ಬುಡ್ತಾರೆ. ಆ ಕಡೆ ಕುಶಾಲನಗರದ ಬಡಾವಣೆಗಳಿಗೆ 2018ರಲ್ಲಿ, ಮತ್ತೆ 2019ರಲ್ಲಿ ಹೊಳೆನೇ ಬಂದು ಮನೆಮನೆಗೂ ಹೊಕ್ಕಿತಲ್ಲ, ಪಾಪ, ಜನ ಸಾಮಾನು ಬುಟ್ಟು ಓಡಿದ್ರು. ಹೊಳೆಗೆ ತನ್ನ ಜಾಗ ಯಾವ್ದು ಅಂತ ನೆನಪಿರ್ತದೆ ಕನಕ್ಕ. ಮರೆಯೋರು ನಾವು.

ಅದಕ್ಕೇ ಹೇಳೋದು, ಅಳಿಯಂದ್ರಿಗೆ ಸೇತುವೆ ದಾಟಬ್ಯಾಡಿ ಅನ್ನು. ಹೊಳೆ ಹರಿಯೋ ದಿಕ್ಕಿಗೇ ಕಾರು ಬುಡ್ಲಿ. ಬೆಟ್ಟದಪುರದ ಮೇಲೆ ಹೋಗೋದು. ಬೆಟ್ಟದ ಮೇಲಿರೋ ಸಿಡಿಲು ಮಲ್ಲಿಕಾರ್ಜುನನಿಗೆ ಕೆಳಗಿಂದ್ಲೇ ಕೈ ಮುಗಿದ್ರೆ ಸಾಕು, ಬೆಂಗ್ಳೂರು ಮಂಡಿಗೆ ಅಷ್ಟು ಮೆಟ್ಲು ಆಗಕ್ಕಿಲ್ಲ. ಮುಂದೆ ರಾಮನಾಥಪುರ. ಹೊಳೆಗೆ ಒಂದು ಹಿಡಿ ಪುರಿ ಎಸೆದ್ರೆ ದೇವರ ಮೀನು ಗುಂಪುಗುಂಪಾಗಿ ಮೇಲೆ ಬತ್ತವೆ. ಯಾರೂ ಹಿಡಿಯಂಗಿಲ್ಲ, ಅದಕ್ಕೇ ಅವಕ್ಕೆ ಆ ಪಾಟಿ ಧೈರ್ಯ.

ಆಮೇಲೆ ಚುಂಚನಕಟ್ಟೆ. ಈಗ ಮಳೆಗಾಲ, ನೀರು ಸುಮಾರು 60 ಅಡಿ ಮೇಲಿಂದ ಧುಮುಕ್ತಾ ಇರ್ತದೆ. ಆ ಸದ್ದು ಕೋದಂಡರಾಮನ ಗುಡಿ ಅಂಗಳದ ತುಂಬ ಕೇಳ್ತದೆ, ಗರ್ಭಗುಡಿ ಒಳಗೆ ಮಾತ್ರ ಕೇಳಕ್ಕಿಲ್ಲ ಅಂತಾರೆ. ಅಲ್ಲಿ ಸೀತಮ್ಮ ರಾಮನ ಬಲಗಡೆ ನಿಂತವಳೆ. ನಿನ್ನ ಮಗಳಿಗೆ ಅದನ್ನ ತೋರ್ಸು: ಕಾರಲ್ಲೂ ಸ್ಟೇರಿಂಗು ಬಲಗಡೆನೇ ಅಲ್ವಾ!

ಕೊನೆಗೆ ಕೆ.ಆರ್. ನಗರ. ಟೂರಿಗೆ ಬಂದೋರು ಯಾರೂ ಇಳಿಯದ ಊರು, ನಾನಾದ್ರೆ ಮೊದ್ಲು ಅದನ್ನೇ ತೋರಿಸ್ತಿದ್ದೆ. ಹೊಳೆ ದಡದ ಎಡತೊರೆಲಿದ್ದ ಜನಕ್ಕೆ 1924ರ ಆ ದೊಡ್ಡ ಪ್ರವಾಹ ಆದ್ಮೇಲೆ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಬೇರೆ ಕಡೆ ಹೊಸ ಊರೇ ಕಟ್ಟಿಸಿಕೊಟ್ರು. ನೂಲು ಹಿಡಿದಂಗೆ ನೆಟ್ಟಗಿರೋ ಅಗಲವಾದ ಬೀದಿಗಳು. ಊರಿಗೆ ಅವರ ಹೆಸರೇ ಇಟ್ರು, ಕೃಷ್ಣರಾಜನಗರ ಅಂತ. ಅರ್ಕೇಶ್ವರ ಸ್ವಾಮಿ ಮಾತ್ರ ಹಳೇ ದಡದಲ್ಲೇ ಕುಂತವ್ನೆ. ಅವನಿಗೆ ಸೈಟಿನ ಆಸೆ ಇರಲಿಲ್ಲ.

ನೋಡು, ಒಂದೇ ಹೊಳೆ. ಕೆಳಗಡೆಯೋರು ನೂರು ವರ್ಷದ ಹಿಂದೆ ಅದಕ್ಕೆ ದಾರಿ ಬುಟ್ಟು ದೂರ ಹೋದ್ರು. ಮೇಲ್ಗಡೆ ನಾವು ಈಗ ಅದರ ಮಗ್ಗುಲಿಗೇ ಹೋಗಿ ಪಾಯ ತೋಡ್ತೀವಿ. ಇದನ್ನ ತಿಳ್ಕಳಕ್ಕೆ ಟಿಕೀಟು ಬ್ಯಾಡ, ಒಂದು ದಿನ ಹೊಳೆ ಜೊತೆಗೆ ಹೋದ್ರೆ ಸಾಕು. ಆ ಫೋನಿನ ಮ್ಯಾಪು ಹತ್ರದ ದಾರಿ ತೋರಿಸ್ತದೆಯೇ ಹೊರತು ಹೊಳೆ ದಾರಿ ತೋರ್ಸಕ್ಕಿಲ್ಲ. ವಾಪಸ್ಸು ಬರೋವಾಗ ಹುಣಸೂರಿನ ಮೇಲೆ ಬಂದ್ರೆ ಲಕ್ಷ್ಮಣತೀರ್ಥನೂ ಕಂಡಂಗಾಯ್ತದೆ.

ದಾರಿ ಹೇಳೋಕೆ ಯಾರಾದ್ರೂ ಬೇಕಲ್ಲ? ನಮ್ಮ ಬ್ಯಾರನ್ನಲ್ಲಿ ಹೊಗೆಸೊಪ್ಪು ಬೆಂದಾಯ್ತು, ಬೆಂಕಿ ಕಾಯೋ ಕೆಲಸ ಇಲ್ಲ. ಹಿಂದಿನ ಸೀಟಲ್ಲಿ ಒಬ್ಬರಿಗೆ ಜಾಗ ಅದಾ ಅಂತ ಅಳಿಯಂದ್ರನ್ನ ಒಂಚೂರು ಕೇಳಿ ನೋಡಕ್ಕಾ. ಪುರಿ ನಾನೇ ತತ್ತೀನಿ.