ಫಿಯಟ್ ರಾಯರ ಬಿ.ಪಿ.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹುಡುಕಿದರೆ ಬೀದಿಗೊಬ್ಬರು ಫಿಯಟ್ ರಾಯರು ಸಿಗುತ್ತಾರೆ. ಬ್ಯಾಂಕಿನಿಂದಲೋ ಎಚ್‌ಎಎಲ್‌ನಿಂದಲೋ ನಿವೃತ್ತರು. ಗೇಟಿನೊಳಗೆ ಮುಸುಕು ಹೊದ್ದು ಮಲಗಿರುವ ಪ್ರೀಮಿಯರ್ ಪದ್ಮಿನಿಯ ಒಡೆಯರು. ಅದನ್ನು ಪದ್ಮಿನಿ ಎಂದರೆ ಮಾತ್ರ ಅವರಿಗೆ ಸಿಟ್ಟು. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಚಿತ್ತೋರಿನ ರಾಣಿಯ ಹೆಸರು ಪಡೆದ ಕಾರು ಅದು. "ಮದುವೆಯಲ್ಲಿ ಹೆಸರು ಬದಲಾಯಿಸಿದ್ರೆ ತವರು ಬದಲಾಗುತ್ತೇನ್ರೀ?" ಎನ್ನುವುದು ರಾಯರ ವಾದ.

ಕಾರು ಗಟ್ಟಿಮುಟ್ಟಾಗಿದೆ. 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಕೊರಳಿಗೆ ಅಂಟಿಕೊಂಡ ಗೇರು, ಮುಂದುಗಡೆ ಸೋಫಾದಂಥ ಒಂದೇ ಸೀಟು, ಎಲ್ಲ ಚೆನ್ನಾಗಿವೆ. ರಾಯರ ನಿದ್ದೆ ಕೆಡಿಸಿದ್ದು ಡ್ಯಾಷ್‌ಬೋರ್ಡಿನ ಒಂದು ಪುಟ್ಟ ಕೆಂಪು ದೀಪ. ಆಯಿಲ್ ಪ್ರೆಶರಿಗೆ ಕಂಪನಿ ಕೊಟ್ಟಿದ್ದು ಅದೊಂದೇ. ಇಂಥ ದೀಪಗಳು ಸಾಮಾನ್ಯವಾಗಿ ಒತ್ತಡ ಐದಾರು ಪಿಎಸ್‌ಐಗೆ ಕುಸಿದ ಮೇಲಷ್ಟೇ ಹತ್ತುವುದು. ಅಷ್ಟು ಹೊತ್ತಿಗೆ ಬೇರಿಂಗಿನ ಕತೆ ಮುಗಿಯುತ್ತಾ ಬಂದಿರುತ್ತದೆ. "ಆ ದೀಪ ಹತ್ತೋದು ಅಂದ್ರೆ ಡಾಕ್ಟರು ಬಂದಂಗಲ್ಲ, ಪುರೋಹಿತರು ಬಂದಂಗೆ" ಎಂದು ರಾಯರು ವಾಕಿಂಗ್ ಗೆಳೆಯರಿಗೆ ವಿವರಿಸಿ, ಮರುದಿನವೇ ಮುಳ್ಳಿರುವ ಆಯಿಲ್ ಪ್ರೆಶರ್ ಮೀಟರ್ ತರಲು ಜೆ.ಸಿ. ರಸ್ತೆಗೆ ಹೊರಟರು.

ಮೀಟರಿನಲ್ಲಿ ಎರಡು ಜಾತಿ. ಒಂದು ವೈರಿನದು, ಎಂಜಿನ್ನಿಗೆ ಸೆನ್ಸರ್ ಕೂರಿಸಿ ತಂತಿ ಎಳೆದರೆ ಆಯಿತು. ಇನ್ನೊಂದಕ್ಕೆ ತಾಮ್ರದ ಸಣ್ಣ ಪೈಪಿನಲ್ಲಿ ಬಿಸಿ ಆಯಿಲ್ಲೇ ಡ್ಯಾಷ್‌ಬೋರ್ಡಿನ ತನಕ ಬರುತ್ತದೆ. ಮೆಕ್ಯಾನಿಕ್ಕು ಕೈ ಮುಗಿಯುವುದೊಂದು ಬಾಕಿ: "ವೈರಿಂದು ಹಾಕೋಣ ಸಾರ್, ಅರ್ಧ ಗಂಟೆ ಕೆಲ್ಸ." ರಾಯರು ಕೇಳಬೇಕಲ್ಲ. ಜಾತ್ರೆಯಲ್ಲಿ ಮಕ್ಕಳು ಊದುವ, ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿ ಇದೆಯಲ್ಲ, ಪೈಪಿನ ಮೀಟರಿನೊಳಗಿರುವುದೂ ಅದೇ. ಚಪ್ಪಟೆಯಾಗಿ ಬಾಗಿದ ಲೋಹದ ಕೊಳವೆ ಒತ್ತಡಕ್ಕೆ ತುಸು ನೆಟ್ಟಗಾಗಿ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೆನ್ ಬೂರ್ದಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ. ಕಾರಿಗಿಂತ ನೂರು ವರ್ಷ ಹಳೆಯದು ಎಂಬುದೇ ರಾಯರಿಗೆ ಸಾಕಾಯಿತು.

ಕೂರಿಸುವುದೆಲ್ಲಿ? ಮೀಟರಿನ ಅಗಲ 52 ಮಿಲಿಮೀಟರ್. ಕಂಪನಿಯ ಡ್ಯಾಷ್‌ಬೋರ್ಡಿಗೆ ತೂತು ಕೊರೆಯುವುದು ರಾಯರ ಪಂಥದಲ್ಲಿ ಗೋಹತ್ಯೆಗೆ ಸಮ. ರಟ್ಟನ್ನು ದುಂಡಗೆ ಕತ್ತರಿಸಿ, ಅಲ್ಲಿ ಅಂಟಿಸಿ, ಇಲ್ಲಿ ಅಂಟಿಸಿ ಮೂರು ತಿಂಗಳು ಕಳೆದವು. ರಟ್ಟು ಕಳೆದ ದಿನ ಕೋಡುಬಳೆ ಹಿಡಿದೂ ನೋಡಿದ್ದುಂಟು; ಆಮೇಲೆ ಅದನ್ನು ತಿಂದದ್ದರಿಂದ ಅಳತೆ ಉಳಿಯಲಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಮಂಜುನಾಥನಿಗೆ ಅವಸರದಲ್ಲಿ ಕೈ ಮುಗಿದು, ಅಲ್ಲಿನ ಹಳೇ ಕಾರುಗಳ ಸಂಗ್ರಹದಲ್ಲಿ ಕಿಟಕಿಗೆ ಮೂಗೊತ್ತಿ ನಿಂತಿದ್ದೂ ಈ ಸಂಶೋಧನೆಗಾಗಿಯೇ. ಕೊನೆಗೆ ಡ್ಯಾಷ್‌ಬೋರ್ಡಿನ ಅಡಿಗೆ ಒಂದು ಪಟ್ಟಿ ಹಾಕಿ ನೇತುಬಿಡುವುದೆಂದಾಯಿತು. ಎಡಗಡೆ, ಸರಿಯಾಗಿ ಶ್ರೀಮತಿಯವರ ಮಂಡಿ ತಾಗುವ ಕಡೆ.

ನಿಜವಾದ ಗ್ರಹಚಾರ ತಿರುಪಿನ ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿತ್ತು. ಹೊರಗಿನ ಮೀಟರುಗಳ ಮರೆ ಸಾಮಾನ್ಯವಾಗಿ ಎಂಟನೇ ಒಂದಂಗುಲದ್ದು. ಅದರಲ್ಲೂ ಬ್ರಿಟಿಷರದಾದರೆ ಅಂಗುಲಕ್ಕೆ 28 ಸುತ್ತು, ಅಮೆರಿಕದ್ದಾದರೆ 27. ಆ ಒಂದು ಸುತ್ತಿನ ವ್ಯತ್ಯಾಸ ಎಂಥ ಮೋಸಗಾರ ಅಂದರೆ, ಮೊದಲೆರಡು ಸುತ್ತು ಬೀಗರಂತೆ ನಗುನಗುತ್ತಾ ಒಳಗೆ ಬಂದು, ಮೂರನೆಯದಕ್ಕೆ ಮುನಿಸಿಕೊಂಡು ನಿಲ್ಲುತ್ತದೆ. ಫಿಯಟ್ ಎಂಜಿನ್ನಿನದು ಇಟಲಿಯ ಮಿಲಿಮೀಟರ್ ಲೆಕ್ಕ. ಇಬ್ಬರಿಗೂ ಅದರ ಜಾತಕ ಕೂಡದು. ಲೇತ್ ಅಂಗಡಿಯ ಸ್ಟೂಲಿನ ಮೇಲೆ ಎರಡು ಮಧ್ಯಾಹ್ನ ಕೂತು, ಹಿತ್ತಾಳೆಯ 'ಟಿ' ಆಕಾರದ ಕೊಂಡಿಯೊಂದನ್ನು ರಾಯರು ಮಾಡಿಸಿಕೊಂಡರು, ಹಳೇ ಕೆಂಪು ದೀಪವೂ ಉಳಿಯಲಿ, ಮೀಟರೂ ಬರಲಿ ಅಂತ. ಎಂಜಿನ್ನಿನ ಅದುರಾಟಕ್ಕೆ ತಾಮ್ರದ ಪೈಪು ಬಿರಿಯದಿರಲೆಂದು ಅದನ್ನು ಎರಡು ಸುತ್ತು ಸುರುಳಿ ಮಾಡಿಸಿದರು. ತಗಡಿನ ತೂತಿನ ಅಂಚು ಪೈಪನ್ನು ಕೊಯ್ಯದಿರಲೆಂದು ರಬ್ಬರ್ ಬಳೆ ತೊಡಿಸಿದರು. ಸೊಸೆಗೂ ಇಷ್ಟು ಉಪಚಾರ ನಡೆದಿರಲಿಲ್ಲ.

ಈಗ ನೋಡಿ. ಬೆಳಿಗ್ಗೆ ತಣ್ಣಗಿನ ಎಂಜಿನ್ನು ಶುರುವಾದಾಗ ಮುಳ್ಳು ಅರವತ್ತಕ್ಕೆ ನೆಗೆಯುತ್ತದೆ. ರಾಯರ ಮುಖ ಅರಳುತ್ತದೆ. ಬಿಸಿಯೇರಿದ ಆಯಿಲ್ ತೆಳ್ಳಗಾಗಿ, ಸಿಗ್ನಲ್ಲಿನಲ್ಲಿ ಎಂಜಿನ್ನು ಮೆಲ್ಲಗೆ ಓಡುವಾಗ ಹದಿನೈದಕ್ಕೆ ಇಳಿಯುತ್ತದೆ. ಇದು ಸಹಜ, ಸಾವಿರ ಸುತ್ತಿಗೆ ಹತ್ತು ಪೌಂಡು ಸಾಕೆಂಬ ಹಳಬರ ಲೆಕ್ಕವನ್ನು ಗೆಳೆಯರಿಗೆಲ್ಲ ಹೇಳಿಕೊಟ್ಟವರು ರಾಯರೇ. ಆದರೂ ಮುಳ್ಳು ಇಳಿದೊಡನೆ ಅವರ ಬೆವರು ಇಳಿಯುತ್ತದೆ. ಮೊದಲು ದೀಪ ಹತ್ತದಿದ್ದರೆ ನಿಶ್ಚಿಂತೆಯಿತ್ತು. ಈಗ ಆರು ತಿಂಗಳಲ್ಲಿ ಮೂರು ಸಲ ಆಯಿಲ್ ಬದಲಾಗಿದೆ. ಮಗ ಅಮೆರಿಕದಿಂದ ಬಿ.ಪಿ. ಯಂತ್ರ ತಂದುಕೊಟ್ಟ ವರ್ಷವೂ ಮನೆಯಲ್ಲಿ ಹೀಗೇ ಆಗಿತ್ತೆಂದು ಶ್ರೀಮತಿಯವರು ಜ್ಞಾಪಿಸುತ್ತಾರೆ.

ಇನ್ನೊಂದು ತೊಡಕು. ರಸ್ತೆ ನೋಡುವ ಕನ್ನಡಕದಲ್ಲಿ ಮೀಟರು ಕಾಣುವುದಿಲ್ಲ, ಮೀಟರು ನೋಡುವ ಕನ್ನಡಕದಲ್ಲಿ ರಸ್ತೆ ಕಾಣುವುದಿಲ್ಲ. ಹಾಗಾಗಿ ಓದಿ ಹೇಳುವ ಕೆಲಸ ಶ್ರೀಮತಿಯವರದು.

ಮೊನ್ನೆ ರೈಲ್ವೆ ಗೇಟು ಬಿದ್ದಿತ್ತು. ಪೆಟ್ರೋಲು ಉಳಿಯಲೆಂದು ರಾಯರು ಎಂಜಿನ್ನು ಆರಿಸಿ ಕೂತಿದ್ದರು. ಎರಡು ನಿಮಿಷ ಕಳೆದಿರಬೇಕು.

"ಎಷ್ಟಿದೆಯೇ?"

ಶ್ರೀಮತಿಯವರು ಕಿಟಕಿಯಾಚೆ ಮಲ್ಲಿಗೆ ಮಾರುವವಳನ್ನು ನೋಡುತ್ತಿದ್ದವರು, ತಲೆ ತಿರುಗಿಸದೆ ಹೇಳಿದರು: "ನಲವತ್ತು."

"ಹಾಗಾದ್ರೆ ಪರವಾಗಿಲ್ಲ" ಎಂದು ರಾಯರು ಸೀಟಿಗೆ ಒರಗಿದರು.